ಕಂಟೆಂಟ್ ಕ್ಯಾಲೆಂಡರ್ ಎರಡನೇ ವಾರಕ್ಕೇ ನಿಂತುಹೋಗುತ್ತೆ, ನೀವೆಲ್ಲ ಹೇಗೆ ನಡೆಸ್ತೀರಿ?

ಬಟ್ಟೆ ಬ್ಯಾಗ್ ಹೊಲಿಯುವವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಬಟ್ಟೆ ಬ್ಯಾಗ್ ಹೊಲಿದು ಮಾರುತ್ತೇನೆ. ಹೊಲಿಗೆ, ಪ್ಯಾಕಿಂಗ್, ಫೋಟೋ ಎಲ್ಲಕ್ಕೂ ನಾನೊಬ್ಬಳೇ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಬಿಸಿನೆಸ್ ಮೂರೂ ಇವೆ. ಈ ವರ್ಷ ಮೂರು ಸಲ ಕಂಟೆಂಟ್ ಕ್ಯಾಲೆಂಡರ್, ಅಂದರೆ ಯಾವ ದಿನ ಯಾವ ಪೋಸ್ಟ್ ಹಾಕುವುದು ಅನ್ನುವ ಪಟ್ಟಿ, ಮಾಡಿದೆ. ತಿಂಗಳ ಮೂವತ್ತು ದಿನಕ್ಕೂ ಏನಾದರೊಂದು ಬರೆದಿಟ್ಟೆ. ಮೂರು ಸಲವೂ ಎರಡನೇ ವಾರಕ್ಕೆ ಕೈಬಿಟ್ಟೆ. ಆರ್ಡರ್ ಬಂದಾಗ ಪೋಸ್ಟ್ ಹಾಕಲು ಪುರುಸೊತ್ತಿರುವುದಿಲ್ಲ. ಆರ್ಡರ್ ಮುಗಿಸಿ ತಲೆ ಎತ್ತಿದರೆ ಪೇಜ್ ತಣ್ಣಗಾಗಿರುತ್ತದೆ. ವರ್ಷಗಟ್ಟಲೆ ನಡೆಸಿಕೊಂಡು ಬಂದವರು ಇದ್ದರೆ ದಯವಿಟ್ಟು ಹೇಳಿ.

ಸೈಕಲ್ ರಿಪೇರಿ ಅಂಗಡಿಯವರು

ಅಕ್ಕ, ನನಗೂ ಇದೇ ಆಗಿತ್ತು. ನಾವು ಪ್ಲಾನ್ ಮಾಡಲು ಕೂರುವುದು ಬಿಡುವಿರುವ ದಿನ. ಆಗ ವಾರಕ್ಕೆ ಏಳು ಪೋಸ್ಟ್ ಏನೂ ಅಲ್ಲ ಅನ್ನಿಸುತ್ತದೆ. ಕೆಲಸ ಮೈಮೇಲೆ ಬಿದ್ದ ವಾರ ಅದೇ ಪ್ಲಾನ್ ನೋಡಿದರೆ ಸುಸ್ತಾಗುತ್ತದೆ. ಹಾಗಾಗಿ ನಾನು ಹಿಂದಿನ ವರ್ಷ ಉಸಿರಾಡಲೂ ಬಿಡುವಿಲ್ಲದ ಒಂದು ವಾರವನ್ನು ನೆನಪಿಸಿಕೊಂಡೆ. ಆ ವಾರ ಎಷ್ಟು ಪೋಸ್ಟ್ ಆಗುತ್ತಿತ್ತು ಅಂತ ನನ್ನನ್ನೇ ಕೇಳಿಕೊಂಡೆ. ಎರಡು. ಅದನ್ನೇ ವರ್ಷಪೂರ್ತಿಯ ಲೆಕ್ಕ ಮಾಡಿದೆ. ಮಂಗಳವಾರ ಒಂದು, ಶುಕ್ರವಾರ ಒಂದು. ಕೈ ಖಾಲಿ ಇದ್ದ ವಾರ ಇನ್ನೊಂದು ಹಾಕುತ್ತೇನೆ, ಆದರೆ ಅದನ್ನು ಕ್ಯಾಲೆಂಡರಿನಲ್ಲಿ ಬರೆಯುವುದಿಲ್ಲ. ಎರಡು ವರ್ಷದಿಂದ ತಪ್ಪಿಲ್ಲ.

ಏನು ಹಾಕುವುದು ಅನ್ನೋದಕ್ಕೆ ಅಂಗಡಿಯ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇನೆ. ಗಿರಾಕಿ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ‘ಬ್ರೇಕ್ ಹಿಡಿದರೆ ಕೀಂ ಅನ್ನುತ್ತಲ್ಲ, ರಬ್ಬರ್ ಹೋಯ್ತಾ?’ ಇದನ್ನು ಇನ್ನೊಬ್ಬರು ಕೇಳಿದರೆ ಪಕ್ಕದಲ್ಲಿ ಒಂದು ಗೀಟು. ಮೂರು ಗೀಟು ಬಿದ್ದರೆ ಅದು ಮುಂದಿನ ಪೋಸ್ಟ್. ಈ ಬ್ರೇಕಿನ ಪ್ರಶ್ನೆಗೆ, ರಿಪೇರಿಗೆ ಬಂದಿದ್ದ ಸೈಕಲ್ಲಿನ ರಿಮ್ ಅನ್ನು ಬಿಳಿ ಬಟ್ಟೆಯಿಂದ ಒರೆಸಿ, ಕಪ್ಪಾದ ಆ ಬಟ್ಟೆಯದೇ ಫೋಟೋ ತೆಗೆದೆ. ಕೆಳಗೆ ಬರೆದಿದ್ದು ಎರಡೇ ಸಾಲು: ‘ರಬ್ಬರ್ ಬದಲಿಸುವ ಮುಂಚೆ ರಿಮ್ ಒರೆಸಿ ನೋಡಿ. ಎಷ್ಟೋ ಸಲ ಸದ್ದು ಬರುವುದು ಈ ಜಿಡ್ಡಿನಿಂದಲೇ.’ ಆ ಫೋಟೋ ನೋಡಿ ಬಂದವರು ಇವತ್ತಿಗೂ ನನ್ನ ಗಿರಾಕಿಗಳು. ‘ಶುಭ ಮುಂಜಾನೆ’ ಪೋಸ್ಟ್ ನೋಡಿ ಯಾರೂ ಬಂದಿಲ್ಲ. ಅದನ್ನು ನಿಲ್ಲಿಸಿದೆ.

ಭಾನುವಾರ ಒಂದೂವರೆ ಗಂಟೆ ಕೂತು ಎರಡು ವಾರದ್ದನ್ನು ಒಟ್ಟಿಗೆ ಬರೆಯುತ್ತೇನೆ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಂಗೂ ಒಂದೇ ಕಡೆಯಿಂದ ಶೆಡ್ಯೂಲ್ ಮಾಡಬಹುದು, ಅಂದರೆ ಇಂಥ ದಿನ ತಾನಾಗಿ ಹೋಗಲಿ ಅಂತ ಮೊದಲೇ ಹಾಕಿಡಬಹುದು, ದುಡ್ಡು ಕೊಡಬೇಕಿಲ್ಲ. ಫೋಟೋ ಮಾತ್ರ ಭಾನುವಾರ ತೆಗೆಯಲು ಹೋಗಬೇಡಿ. ಕೆಲಸ ಮಾಡುವಾಗಲೇ ತೆಗೆದು ಫೋನಿನಲ್ಲಿ ಬೇರೆ ಆಲ್ಬಮ್‌ಗೆ ಹಾಕಿಡಿ. ಅರ್ಧ ಹೊಲಿದ ಬ್ಯಾಗ್ ಭಾನುವಾರದವರೆಗೆ ಅರ್ಧವೇ ಇರುವುದಿಲ್ಲ ಅಲ್ವಾ?

ಗಿಡಗಳ ನರ್ಸರಿಯವರು

ಸೈಕಲ್ ಅಣ್ಣ ಹೇಳಿದ್ದು ವಾರದ ಲೆಕ್ಕ. ಸೀಸನ್ ಲೆಕ್ಕ ಬೇರೆ, ಅದನ್ನು ಹಿಂದಿನಿಂದ ಎಣಿಸಬೇಕು. ನಾನು ಒಂದು ವರ್ಷ ಗಿಡ ನೆಡುವ ಕಾಲ ಶುರುವಾದ ದಿನವೇ ‘ಸಸಿಗಳು ಸಿದ್ಧ’ ಅಂತ ಹಾಕಿದೆ. ಅಷ್ಟರಲ್ಲಿ ಜನ ಬೇರೆ ಕಡೆ ಕೊಂಡಾಗಿತ್ತು. ಒಂದು ಸಾಲು ಸಸಿ ಕುಂಡದಲ್ಲೇ ಬೇರು ಸುತ್ತಿಕೊಂಡು ಉಳಿದವು. ಆ ಸಂಕಟ ಇನ್ನೂ ಮರೆತಿಲ್ಲ.

ನಿಮ್ಮ ಬ್ಯಾಗಿಗೆ ಹೀಗೆ ಲೆಕ್ಕ ಹಾಕಿ. ಶಾಲೆ ಶುರುವಾಗುವ ದಿನಕ್ಕೆ ಬ್ಯಾಗ್ ಗಿರಾಕಿಯ ಕೈಯಲ್ಲಿರಬೇಕು. ಕೊರಿಯರಿಗೆ 5 ದಿನ. ಹೊಲಿಯಲು 10 ದಿನ. ನೋಡಿ, ಮನೆಯಲ್ಲಿ ಕೇಳಿ, ಮನಸ್ಸು ಮಾಡಲು 14 ದಿನ. ಅಲ್ಲಿಗೆ 29 ದಿನ. ಅಂದರೆ ಮೊದಲ ಪೋಸ್ಟ್ ಒಂದು ತಿಂಗಳು ಮುಂಚೆ ಹೋಗಬೇಕು, ‘ಆರ್ಡರ್ ಕೊಡಲು ಇದೇ ಕೊನೇ ದಿನ’ ಅನ್ನುವ ಪೋಸ್ಟ್ 15 ದಿನ ಮುಂಚೆ. ವರ್ಷದಲ್ಲಿ ಇಂಥ ಮೂರೋ ನಾಲ್ಕೋ ದಿನ ಹಿಡಿದರೆ ಸಾಕು. ಕ್ಯಾಲೆಂಡರಿನಲ್ಲಿ ಮೊದಲು ಬರೆಯಬೇಕಾದ್ದು ಇವನ್ನೇ. ಮಿಕ್ಕ ಜಾಗ ಆಮೇಲೆ.

ನಿಮ್ಮ ವಸ್ತುವನ್ನು ಜನ ಯಾವ ತಿಂಗಳು ಜಾಸ್ತಿ ಹುಡುಕುತ್ತಾರೆ ಅಂತ ಗೂಗಲ್ ಟ್ರೆಂಡ್ಸ್‌ನಲ್ಲಿ ನೋಡಿ. ಐದು ವರ್ಷದ ಗೆರೆ ತೆಗೆದರೆ ಪ್ರತಿ ವರ್ಷ ಎಲ್ಲಿ ಏರುತ್ತದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ಏರುವ ಮುಂಚೆ ನಿಮ್ಮ ಪೋಸ್ಟ್ ಇರಲಿ.

ಸಂಗೀತ ತರಗತಿ ನಡೆಸುವವರು

ವಾಟ್ಸಾಪ್ ಬಗ್ಗೆ ಮಾತ್ರ ಹೇಳುತ್ತೇನೆ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಅದಕ್ಕೆ ಕ್ಯಾಲೆಂಡರಿನಲ್ಲಿ ಜಾಗ ಬೇಡ, ಆ ದಿನ ಕಂಡಿದ್ದನ್ನು ಹಾಕಿ. ಬ್ರಾಡ್‌ಕಾಸ್ಟ್ ಮೆಸೇಜ್ (ಒಂದೇ ಸಲ ಹಲವರಿಗೆ ಕಳಿಸುವುದು) ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಗೊತ್ತಿಲ್ಲದೆ ನಾನು ಎಷ್ಟೋ ದಿನ ಕಳಿಸಿದ್ದು ಸುಮ್ನೆ ಹೋಯಿತು. ಬ್ಯಾಗ್ ಕಳಿಸುವಾಗ ಒಳಗೊಂದು ಚೀಟಿ ಇಡಿ, ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಬ್ಯಾಗ್ ಬಂದಾಗ ತಿಳಿಸುತ್ತೇವೆ’ ಅಂತ. ತಿಂಗಳಿಗೆ ಒಂದೇ ಮೆಸೇಜ್ ಕಳಿಸಿ. ಜಾಸ್ತಿ ಆದರೆ ಬ್ಲಾಕ್ ಮಾಡುತ್ತಾರೆ.

ಬಟ್ಟೆ ಬ್ಯಾಗ್ ಹೊಲಿಯುವವರು

ತುಂಬಾ ಥ್ಯಾಂಕ್ಸ್. ಹಿಂದಿನಿಂದ ಎಣಿಸೋದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಕೇಳಲಾ? ಹೊಸ ಬ್ಯಾಗ್ ಏನೂ ಇಲ್ಲದ ವಾರ ಹಳೆಯದನ್ನೇ ಮತ್ತೆ ಹಾಕಿದರೆ ಜನ ಬೇಜಾರು ಮಾಡಿಕೊಳ್ಳಲ್ವಾ?

ಫೋಟೋ ಸ್ಟುಡಿಯೋದವರು

ಮಾಡಿಕೊಳ್ಳುವುದಿಲ್ಲ ಮೇಡಂ. ನಿಮ್ಮನ್ನು ಫಾಲೋ ಮಾಡುವ ಎಲ್ಲರಿಗೂ ಪ್ರತಿ ಪೋಸ್ಟ್ ಕಾಣುವುದೇ ಇಲ್ಲ. ಆಮೇಲೆ ಸೇರಿದವರಂತೂ ನೋಡಿರುವುದಿಲ್ಲ. ನಾನು ಚೆನ್ನಾಗಿ ಓಡಿದ ಪೋಸ್ಟನ್ನು ನಾಲ್ಕು ತಿಂಗಳು ಬಿಟ್ಟು ಬೇರೆ ಫೋಟೋ ಜೊತೆ ಮತ್ತೆ ಹಾಕುತ್ತೇನೆ. ವಿಷಯ ಅದೇ, ಮೊದಲ ಸಾಲು ಮಾತ್ರ ಬೇರೆ. ‘ಇದು ಮುಂಚೆ ನೋಡಿದ್ದೇವೆ’ ಅಂತ ಇದುವರೆಗೆ ಒಬ್ಬರೂ ಹೇಳಿಲ್ಲ.

ನನ್ನ ಕ್ಯಾಲೆಂಡರ್ ಅಂದರೆ ಗೂಗಲ್ ಶೀಟಿನ ಒಂದು ಪುಟ. ತಾರೀಖು, ಎಲ್ಲಿ ಹಾಕುವುದು, ವಿಷಯ, ಫೋಟೋ ಇದೆಯೋ ಇಲ್ಲವೋ. ಕೊನೆಯ ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ: ‘ಇದನ್ನು ನೋಡಿ ಯಾರಾದರೂ ವಿಚಾರಿಸಿದರಾ?’ ಲೈಕ್ ಎಷ್ಟು ಅಂತ ಬರೆಯುವುದನ್ನು ಬಿಟ್ಟು ಬಹಳ ದಿನ ಆಯ್ತು. ಆರು ತಿಂಗಳ ಮೇಲೆ ಆ ಕಾಲಂ ಓದಿದರೆ ಯಾವುದನ್ನು ಮತ್ತೆ ಹಾಕಬೇಕು ಅಂತ ಯೋಚಿಸಬೇಕಾಗಿಯೇ ಇರುವುದಿಲ್ಲ.

ಎರಡು ವಿಷಯದಲ್ಲಿ ಹುಷಾರಾಗಿರಿ. ಗಿರಾಕಿಯ ಫೋಟೋ ಹಾಕುವ ಮುಂಚೆ ಅವರನ್ನು ಕೇಳಿ, ಒಪ್ಪಿದ ಮೆಸೇಜನ್ನು ಇಟ್ಟುಕೊಳ್ಳಿ. ಇನ್ನೊಂದು, ಶೆಡ್ಯೂಲ್ ಮಾಡಿ ಮರೆತುಬಿಡಬೇಡಿ. ಒಮ್ಮೆ ಎಲ್ಲರೂ ದುಃಖದಲ್ಲಿದ್ದ ದಿನ ನನ್ನ ಆಫರ್ ಪೋಸ್ಟ್ ತಾನಾಗಿ ಹೋಗಿಬಿಟ್ಟಿತು. ಕ್ಷಮೆ ಕೇಳಿ ತೆಗೆದೆ, ಆದರೂ ಮನಸ್ಸಿಗೆ ತುಂಬಾ ಕಷ್ಟವಾಯಿತು. ಈಗ ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಏನು ಹೋಗಲಿದೆ ಅಂತ ಒಮ್ಮೆ ನೋಡುತ್ತೇನೆ.

ಬಟ್ಟೆ ಬ್ಯಾಗ್ ಹೊಲಿಯುವವರು

ಮೂವತ್ತು ದಿನದ ಶೀಟ್ ಅಳಿಸಿದೆ. ಈಗ ಅದರಲ್ಲಿ ವರ್ಷದ ಮೂರು ದೊಡ್ಡ ದಿನ, ಅವಕ್ಕೆ ಹಿಂದಿನಿಂದ ಎಣಿಸಿದ ತಾರೀಖುಗಳು, ವಾರಕ್ಕೆರಡು ಖಾಲಿ ಜಾಗ, ಇಷ್ಟೇ ಇದೆ. ಮೆಷಿನ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಸಂಜೆಯೊಳಗೆ ಮೊದಲ ಪ್ರಶ್ನೆ ಬಂತು, ‘ಒಗೆದರೆ ಬಣ್ಣ ಬಿಡುತ್ತಾ?’ ಹಳೇ ಮೆಸೇಜ್ ತೆಗೆದು ನೋಡಿದರೆ ಇದನ್ನೇ ಐದು ಜನ ಕೇಳಿದ್ದಾರೆ. ಮಂಗಳವಾರ ಕೆಂಪು ಬ್ಯಾಗನ್ನು ಬಿಳಿ ಟವೆಲ್ ಜೊತೆ ಒಂದೇ ಬಕೆಟ್ಟಿನಲ್ಲಿ ಹಾಕಿ ಒಗೆದು, ಎರಡನ್ನೂ ಪಕ್ಕಪಕ್ಕ ಒಣಗಿಸಿ ಫೋಟೋ ಹಾಕುತ್ತೇನೆ.