ಮಾರುತಿ 800: ಎಂಜಿನ್ ಎತ್ತಿದರೆ ಜೊತೆಗೆ ಕಾರೂ ಏಳುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800. ಎಂಜಿನ್ ಆಯಿಲ್ ಬೇಗ ಕಡಿಮೆಯಾಗುತ್ತದೆ, ಏರಿನಲ್ಲಿ ಕ್ಲಚ್ ಜಾರುತ್ತದೆ. ಅದಕ್ಕೇ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಮನೆಯಲ್ಲೇ ಇಳಿಸಲು ಕೂತಿದ್ದೇನೆ.

ಬಾನೆಟ್, ಬ್ಯಾಟರಿ, ರೇಡಿಯೇಟರ್ ತೆಗೆದಾಯಿತು. ಪೆಟ್ರೋಲ್ ಪೈಪ್, ಕೂಲಂಟ್ ಪೈಪ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ವೈರಿಂಗ್ ಎಲ್ಲಾ ಬಿಚ್ಚಿದೆ. ಸೈಲೆನ್ಸರ್ ಪೈಪ್ ಬಿಡಿಸಿದೆ. ಮೌಂಟಿಂಗ್ ಬೋಲ್ಟ್‌ಗಳೂ ಹೊರಗಿವೆ. ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್‌ಗಳಲ್ಲಿ ಎಡಗಡೆಯದು ಬಂತು, ಬಲಗಡೆಯದು ಮಾತ್ರ ಗೇರ್‌ಬಾಕ್ಸ್ ಬಿಟ್ಟು ಬರುತ್ತಿಲ್ಲ. ಎಂಜಿನ್ ಎತ್ತಲು ಮೇಲೆ ಕಟ್ಟಿದ ಚೈನ್ ಬ್ಲಾಕ್ ಎಳೆದರೆ ಅದು ಸ್ವಲ್ಪ ಮೇಲೆ ಬರುತ್ತದೆ, ಆಮೇಲೆ ಕಾರಿನ ಮುಂಭಾಗವೇ ಸ್ಟ್ಯಾಂಡ್ ಬಿಟ್ಟು ಏಳುತ್ತದೆ. ಇನ್ನೂ ಜೋರಾಗಿ ಎಳೆಯಬಹುದಾ?

ಉತ್ತರ 1

ಬೇಡ ಸರ್, ದಯವಿಟ್ಟು ಎಳೆಯಬೇಡಿ. ಮೊದಲು ಚೈನ್ ಇಳಿಸಿ, ಕಾರು ಸ್ಟ್ಯಾಂಡ್ ಮೇಲೆ ಸರಿಯಾಗಿ ಕೂರಲಿ. ಈ ಇಡೀ ಕಾರಿನ ತೂಕವೇ ಸುಮಾರು 650 ಕೆಜಿ. ಅದರ ಮೂತಿ ಎತ್ತುವುದು ಚೈನ್ ಬ್ಲಾಕ್‌ಗೆ ಏನೂ ಕಷ್ಟವಲ್ಲ, ನಿಮ್ಮ ಕೈಗೆ ಭಾರವೂ ಗೊತ್ತಾಗುವುದಿಲ್ಲ. ಬಾಡಿ ಸ್ಟ್ಯಾಂಡ್ ಬಿಟ್ಟು ಎದ್ದಿತು ಅಂದರೆ ಏನೋ ಒಂದು ಇನ್ನೂ ಹಿಡಿದುಕೊಂಡಿದೆ ಎಂದೇ ಅರ್ಥ.

ಆಕ್ಸಲ್ ಅಂತೂ ಹಿಡಿದಿದೆ. ಅದರ ತುದಿಯಲ್ಲಿ ಒಂದು ಸಣ್ಣ ಕ್ಲಿಪ್ ಇರುತ್ತದೆ, ಅದು ಒಳಗೆ ಕಚ್ಚಿಕೊಂಡಿರುತ್ತದೆ. ಆಕ್ಸಲ್ ರಾಡ್ ಹಿಡಿದು ಎಳೆದರೆ ಕ್ಲಿಪ್ ಬಿಡುವುದಿಲ್ಲ. ಬದಲಿಗೆ ರಬ್ಬರ್ ಬೂಟ್ ಒಳಗಿನ ಜಾಯಿಂಟ್ ಕಳಚಿಕೊಂಡು ಬೇರೆ ಕೆಲಸ ಹುಟ್ಟುತ್ತದೆ. ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ಚಕ್ರದ ಹಬ್ ಅನ್ನು ಹೊರಗೆ ಸರಿಸಿ ಜಾಗ ಮಾಡಿಕೊಳ್ಳಿ. ಆಮೇಲೆ ಗೇರ್‌ಬಾಕ್ಸ್‌ಗೂ ಜಾಯಿಂಟ್‌ನ ಕಪ್‌ಗೂ ನಡುವೆ ಎರಡು ಕಡೆಯಿಂದ ಟೈರ್ ಲಿವರ್ ಕೊಟ್ಟು ಒಮ್ಮೆಲೇ ಮೀಟಿ. ನಿಧಾನಕ್ಕೆ ಒತ್ತಿದರೆ ಬರುವುದಿಲ್ಲ. ಬರಲಿಲ್ಲವಾದರೆ ಆಕ್ಸಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಮೀಟಿ. ಕ್ಲಿಪ್‌ನ ಬಾಯಿ ಬೇರೆ ಕಡೆ ಬಂದರೆ ಎಷ್ಟೋ ಸಲ ಸಲೀಸಾಗಿ ಬಿಡುತ್ತದೆ. ಲಿವರ್ ತುದಿ ಆಯಿಲ್ ಸೀಲ್‌ಗೆ ತಾಗದಿರಲಿ. ಗೇರ್ ಆಯಿಲ್ ಮೊದಲೇ ಇಳಿಸಿದ್ದೀರಿ ಅಲ್ವಾ? ಇಲ್ಲದಿದ್ದರೆ ಎಲ್ಲಾ ನೆಲಕ್ಕೆ ಸುರಿಯುತ್ತದೆ.

ನಿಮ್ಮ ಪಟ್ಟಿಯಲ್ಲಿ ಗೇರ್ ರಾಡ್ ಕಾಣಲಿಲ್ಲ. ಕಾರಿನ ಅಡಿಯಲ್ಲಿ ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಬರುವ ರಾಡ್ ಇದೆ, ಅದರ ಪಕ್ಕದಲ್ಲೇ ಇನ್ನೊಂದು ಸಪೋರ್ಟ್ ರಾಡ್. ಎರಡೂ ಬಿಡಿಸಬೇಕು. ಸ್ಪೀಡೋಮೀಟರ್ ಕೇಬಲ್, ಕಾರಿನ ಬಾಡಿಯ ಲೋಹಕ್ಕೆ ಬರುವ ಅರ್ತ್ ವೈರ್ ಕೂಡ ನೋಡಿ.

ಉತ್ತರ 2

ಚೈನ್ ಬ್ಲಾಕ್ ಎಲ್ಲಿಗೆ ಕಟ್ಟಿದ್ದೀರಿ? ಶೀಟ್ ಹೊದಿಸಿದ ಶೆಡ್ಡಿನ ಪೈಪ್‌ಗೆ ಕಟ್ಟಿದ್ದರೆ ಈಗಲೇ ಬಿಚ್ಚಿ. ಆ ಪೈಪ್ ಇರುವುದು ಶೀಟಿನ ಭಾರಕ್ಕೆ ಮಾತ್ರ. ಬಾಡಿಗೆಗೆ ಎಂಜಿನ್ ಕ್ರೇನ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಎಂಜಿನ್ ತೂಗುತ್ತಿರುವಾಗ ಯಾರೂ ಕಾರಿನ ಅಡಿಗೆ ಹೋಗಬಾರದು, ಎಂಜಿನ್ ಕೆಳಗೆ ಕೈಯನ್ನೂ ಹಾಕಬಾರದು.

ಪ್ರಶ್ನೆ ಕೇಳಿದವರು

ಕ್ರೇನ್ ತಂದೆ. ಗೇರ್ ರಾಡ್‌ಗಳು ಇನ್ನೂ ಬಿಗಿಯಾಗಿಯೇ ಇದ್ದವು, ಬಿಡಿಸಿದೆ. ಆಕ್ಸಲ್ ತಿರುಗಿಸಿ ಮೀಟಿದ ಮೇಲೆ ಟಕ್ ಅಂತ ಬಂತು. ಗೇರ್‌ಬಾಕ್ಸ್ ಕಡೆ ಸ್ವಲ್ಪ ವಾಲಿಸಿ ಎತ್ತಿದೆ, ಎಂಜಿನ್ ಹೊರಗೆ ಬಂದಿದೆ! ತುಂಬಾ ಧನ್ಯವಾದ. ಈಗ ಎರಡನ್ನೂ ಬೇರೆ ಮಾಡುವಾಗ ಏನು ನೋಡಬೇಕು?

ಉತ್ತರ 1

ಓದಿ ಖುಷಿಯಾಯಿತು ಸರ್. ಸೆಲ್ಫ್ ಮೋಟರ್ ತೆಗೆದು, ಸುತ್ತಲಿನ ಬೋಲ್ಟ್‌ಗಳನ್ನು ಬಿಚ್ಚಿ. ಗೇರ್‌ಬಾಕ್ಸ್ ಅಡಿಗೆ ಮರದ ತುಂಡು ಕೊಟ್ಟು ನೇರಕ್ಕೆ ಹಿಂದಕ್ಕೆ ಎಳೆಯಿರಿ. ಅದರ ಭಾರ ಶಾಫ್ಟ್ ಮೇಲೆ ಬಿದ್ದರೆ ಕ್ಲಚ್ ಪ್ಲೇಟ್ ಬಾಗುತ್ತದೆ.

ಪ್ಲೇಟ್ ಕೈಗೆ ಬಂದ ಕೂಡಲೇ ಒಂದು ವಿಷಯ ನೋಡಿ. ಸವೆದಿದೆಯಾ, ಅಥವಾ ಆಯಿಲ್ ಹತ್ತಿ ಒದ್ದೆಯಾಗಿದೆಯಾ? ಒದ್ದೆಯಿದ್ದರೆ ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸ್ ಶಾಫ್ಟ್‌ನ ಸೀಲ್ ಸೋರುತ್ತಿದೆ. ಅದನ್ನು ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ಜಾರುತ್ತದೆ. ನಿಮ್ಮ ಎಂಜಿನ್ ಆಯಿಲ್ ಕಡಿಮೆಯಾಗಲು ಕ್ರ್ಯಾಂಕ್ ಸೀಲೂ ಕಾರಣವಿರಬಹುದು. ಹಾಗಾಗಿ ಎಂಜಿನ್ ಒಳಗೇ ಆಯಿಲ್ ಉರಿಯುತ್ತಿದೆ ಅಂದುಕೊಂಡು ಪಿಸ್ಟನ್ ರಿಂಗ್ ಸೆಟ್ ಕೊಳ್ಳುವ ಮೊದಲು, ಕ್ಲಚ್ ಕೂರುವ ಫ್ಲೈವೀಲ್ ಬಿಚ್ಚಿ ಅದರ ಹಿಂದೆ ಒಮ್ಮೆ ಟಾರ್ಚ್ ಹಾಕಿ, ಫೋಟೋ ಕಳಿಸಿ.