ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಆನ್ ಆಗುತ್ತದೆ, ನಿಲ್ಲಿಸುವುದು ಹೇಗೆ?

ಪ್ರಶ್ನೆ: ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ತೀರ್ಥಹಳ್ಳಿ

ನಮಸ್ಕಾರ. ಅಂಗಡಿಯಲ್ಲಿ ಎರಡು ಡೆಸ್ಕ್‌ಟಾಪ್ ಇವೆ. ಒಂದು ಕಂಪನಿ ಸೆಟ್, ಇನ್ನೊಂದು ಬಿಡಿಭಾಗ ತಂದು ಜೋಡಿಸಿದ್ದು. ಮಳೆಗಾಲದಲ್ಲಿ ಕರೆಂಟ್ ಹತ್ತು ನಿಮಿಷಕ್ಕೊಮ್ಮೆ ಹೋಗಿ ಬರುತ್ತದೆ. ಬಂದ ಕೂಡಲೇ ಎರಡೂ ಯಾರೂ ಬಟನ್ ಒತ್ತದೆ ಆನ್ ಆಗುತ್ತವೆ, ವಿಂಡೋಸ್ ತೆರೆಯುವಷ್ಟರಲ್ಲಿ ಮತ್ತೆ ಕರೆಂಟ್ ಹೋಗುತ್ತದೆ. ಒಂದರಲ್ಲಿ ಈಗ ಆಟೋಮ್ಯಾಟಿಕ್ ರಿಪೇರ್ ಎಂಬ ಪರದೆ ಬರಲು ಶುರುವಾಗಿದೆ. ವಿಂಡೋಸ್‌ನಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಟಿಕ್ ತೆಗೆದೆ, ಏನೂ ಬದಲಾಗಲಿಲ್ಲ. ಎಲ್ಲಿ ಸರಿಪಡಿಸಬೇಕು?

ಉತ್ತರ: ಹಾರ್ಡ್‌ವೇರ್ ಸರ್ವಿಸ್

ಸರ್, ಆ ಟಿಕ್‌ಗೂ ಕರೆಂಟ್‌ಗೂ ಸಂಬಂಧ ಇಲ್ಲ. ನೀಲಿ ಪರದೆ ಬಂದು ವಿಂಡೋಸ್ ಕುಸಿದಾಗ ಮತ್ತೆ ಶುರುವಾಗಬೇಕೋ ಬೇಡವೋ ಎಂಬುದಷ್ಟೇ ಅದರ ಕೆಲಸ. ಕರೆಂಟ್ ಬಂದಾಗ ಆನ್ ಆಗಬೇಕೇ ಎಂದು ತೀರ್ಮಾನಿಸುವುದು ಮದರ್‌ಬೋರ್ಡ್. ಆ ಹೊತ್ತಿಗೆ ವಿಂಡೋಸ್ ಎದ್ದೇ ಇರುವುದಿಲ್ಲ. ಹಾಗಾಗಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪರದೆಗೆ ಹೋಗಿಯೇ ಬದಲಿಸಬೇಕು.

ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊ ಥಿಂಕ್‌ಸೆಂಟರ್‌ನಲ್ಲಿ ಎಫ್1, ಜೋಡಿಸಿದ ಸೆಟ್‌ಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಸಿಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಹಾದಿಯಲ್ಲಿ ಹೋಗಿ.

ಒಂದೇ ಸೆಟ್ಟಿಂಗ್‌ಗೆ ಕಂಪನಿಗೊಂದು ಹೆಸರು. ಡೆಲ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಒಳಗೆ ಎಸಿ ರಿಕವರಿ (ಎಸಿ ಎಂದರೆ ಇಲ್ಲಿ ಗೋಡೆಯಿಂದ ಬರುವ ಕರೆಂಟ್). ಎಚ್‌ಪಿ, ಲೆನೊವೊಗಳಲ್ಲಿ ಆಫ್ಟರ್ ಪವರ್ ಲಾಸ್. ಗಿಗಾಬೈಟ್‌ನಲ್ಲಿ ಎಸಿ ಬ್ಯಾಕ್. ಆಸುಸ್‌ನಲ್ಲಿ ಅಡ್ವಾನ್ಸ್‌ಡ್, ಎಪಿಎಂ ಒಳಗೆ ರಿಸ್ಟೋರ್ ಎಸಿ ಪವರ್ ಲಾಸ್. ಎಂಎಸ್‌ಐ, ಆಸ್‌ರಾಕ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಹೆಸರು. ಹೆಚ್ಚಿನವುಗಳಲ್ಲಿ ಮೂರು ಆಯ್ಕೆ: ಆಫ್, ಆನ್, ಲಾಸ್ಟ್ ಸ್ಟೇಟ್ (ಕರೆಂಟ್ ಹೋಗುವಾಗ ಹೇಗಿತ್ತೋ ಹಾಗೆ). ಗಿಗಾಬೈಟ್ ಈ ಮೂರನೆಯದನ್ನು ಮೆಮೊರಿ ಎನ್ನುತ್ತದೆ. ನಿಮಗೆ ಬೇಕಾದ್ದು ಆಫ್. ಎಫ್10 ಒತ್ತಿ ಸೇವ್ ಮಾಡಿ ಹೊರಬನ್ನಿ.

ಲಾಸ್ಟ್ ಸ್ಟೇಟ್ ಸಾಕು ಅಂತ ತುಂಬ ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕರೆಂಟ್ ಹೋದಾಗ ಸೆಟ್ ಓಡುತ್ತಿದ್ದರೆ, ಬಂದಾಗ ಅದು ಆನ್ ಆಗಿಯೇ ಆಗುತ್ತದೆ. ಅಂಗಡಿಗಳಲ್ಲಿ ಇನ್ನೊಂದು ರೂಢಿ ಇದೆ. ರಾತ್ರಿ ಶಟ್‌ಡೌನ್ ಕೊಟ್ಟು ಮಾನಿಟರ್ ಕಪ್ಪಾದ ಕೂಡಲೇ ಗೋಡೆಯ ಸ್ವಿಚ್ ಆರಿಸಿಬಿಡುತ್ತಾರೆ. ಆಗ ಸಿಪಿಯು ಫ್ಯಾನ್ ಇನ್ನೂ ತಿರುಗುತ್ತಿರುತ್ತದೆ, ಬೋರ್ಡ್ ಲೆಕ್ಕದಲ್ಲಿ ಅದು ಆನ್ ಸ್ಥಿತಿಯೇ. ಬೆಳಿಗ್ಗೆ ಸ್ವಿಚ್ ಹಾಕಿದಾಗ ತಾನಾಗಿ ಏಳುತ್ತದೆ. ಸೆಟ್‌ನ ಮುಂಭಾಗದ ದೀಪ ಆರಿ ಫ್ಯಾನ್ ಪೂರ್ತಿ ನಿಂತ ಮೇಲೆಯೇ ಸ್ವಿಚ್ ಮುಟ್ಟಿ.

ಪರೀಕ್ಷೆಯನ್ನು ವಿಂಡೋಸ್ ಓಡುವಾಗ ಮಾಡಬೇಡಿ, ಫೈಲ್ ಕೆಡುತ್ತವೆ. ಸೇವ್ ಮಾಡಿದ ಮೇಲೆ ಮತ್ತೆ ಬಯೋಸ್ ಪರದೆಗೇ ಬನ್ನಿ, ಅಲ್ಲಿರುವಾಗ ಗೋಡೆಯ ಸ್ವಿಚ್ ಆರಿಸಿ. 30 ಸೆಕೆಂಡ್ ಬಿಟ್ಟು ಹಾಕಿ. ಸುಮ್ಮನೆ ಇದ್ದರೆ ಸೆಟ್ಟಿಂಗ್ ಹಿಡಿದಿದೆ. ಕೆಲವು ಬೋರ್ಡ್‌ಗಳಲ್ಲಿ ಕರೆಂಟ್ ಬಂದಾಗ ಫ್ಯಾನ್ ಒಂದು ಕ್ಷಣ ತಿರುಗಿ ನಿಲ್ಲುತ್ತದೆ, ಅದು ತೊಂದರೆಯಲ್ಲ.

ಆಟೋಮ್ಯಾಟಿಕ್ ರಿಪೇರ್ ಪರದೆ ಬರುವುದು ವಿಂಡೋಸ್ ಪೂರ್ತಿ ಏಳುವ ಮೊದಲೇ ಮೇಲಿಂದ ಮೇಲೆ ಕರೆಂಟ್ ಹೋದದ್ದರಿಂದ. ಕರೆಂಟ್ ಹೋಗಿ ಬರುವುದು ನಿಂತ ಮೇಲೆ ಒಮ್ಮೆ ಸರಿಯಾಗಿ ಬೂಟ್ ಆಗಲು ಬಿಡಿ, ನಂತರ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂಬಲ್ಲಿ ತಪಾಸಣೆ ಓಡಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಕಂಪನಿ ಸೆಟ್ ಸರಿಹೋಯಿತು. ಜೋಡಿಸಿದ್ದರಲ್ಲಿ ಆಫ್ ಮಾಡಿ ಪರೀಕ್ಷಿಸಿದಾಗ ಸರಿ ಇತ್ತು. ಆದರೆ ರಾತ್ರಿ ಮೇನ್ ಆರಿಸಿ ಬೆಳಿಗ್ಗೆ ಹಾಕಿದರೆ ಮತ್ತೆ ಆನ್ ಆಗಿದೆ. ಗಡಿಯಾರವೂ ಯಾವುದೋ ಹಳೆಯ ವರ್ಷ ತೋರಿಸುತ್ತಿದೆ.

ಉತ್ತರ: ಹಾರ್ಡ್‌ವೇರ್ ಸರ್ವಿಸ್

ಗಡಿಯಾರ ಹಿಂದೆ ಹೋಗಿದೆ ಎಂದರೆ ಸೆಲ್ ಮುಗಿದಿದೆ ಸರ್. ಬೋರ್ಡ್ ಮೇಲಿನ ದುಂಡನೆಯ ಬಟನ್ ಸೆಲ್, ಸಿಆರ್2032, 3 ವೋಲ್ಟ್. ಗೋಡೆಯಲ್ಲಿ ಕರೆಂಟ್ ಇರುವ ತನಕ ಅದರ ಬಲಹೀನತೆ ಗೊತ್ತಾಗುವುದಿಲ್ಲ. ಮೇನ್ ಆರಿಸಿದ ಮೇಲೆ ಗಡಿಯಾರ ನಡೆಸುವುದು ಅದೊಂದೇ. ಅದು ಸೋತರೆ ಸೆಟ್ಟಿಂಗ್ ಕಂಪನಿ ಕೊಟ್ಟ ಸ್ಥಿತಿಗೆ ಮರಳುತ್ತದೆ.

ತೆಗೆಯುವ ಮೊದಲು ಬಯೋಸ್‌ನ ಪ್ರತಿ ಪುಟವನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಖ್ಯವಾಗಿ ಸಾಟಾ ಮೋಡ್ (ಬೋರ್ಡ್ ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ವಿಧಾನ) ಎಎಚ್‌ಸಿಐ ಇದೆಯೋ ರೇಡ್ ಇದೆಯೋ, ಬೂಟ್ ಮೋಡ್ ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ ನೋಡಿಕೊಳ್ಳಿ. ಇವು ಬದಲಾದರೆ ವಿಂಡೋಸ್ ಏಳುವುದಿಲ್ಲ, ಹಾರ್ಡ್‌ಡಿಸ್ಕ್ ಹೋಯಿತೆಂದು ಗಾಬರಿಯಾಗುತ್ತೀರಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಪವರ್ ಕೇಬಲ್ ಕಿತ್ತು, ಮುಂಭಾಗದ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಸೆಲ್ ಪಕ್ಕದ ಪುಟ್ಟ ಲೋಹದ ಕೊಕ್ಕೆಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಹೊರಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ, ಅಡಿಯಿಂದ ಮೀಟಬೇಡಿ. ಹೊಸದನ್ನು ಅಕ್ಷರ ಇರುವ ಪ್ಲಸ್ ಮುಖ ಮೇಲೆ ಬರುವಂತೆ ಕೂರಿಸಿ. ಮಲ್ಟಿಮೀಟರ್‌ನಲ್ಲಿ ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸಬೇಕು. ಆಮೇಲೆ ದಿನಾಂಕ ಹಾಕಿ, ಫೋಟೊ ನೋಡಿ ಉಳಿದವನ್ನು ಹೊಂದಿಸಿ, ಎಸಿ ಬ್ಯಾಕ್ ಮತ್ತೆ ಆಫ್ ಮಾಡಿ. ಬಯೋಸ್ ಅಪ್‌ಡೇಟ್ ಮಾಡಿದಾಗಲೂ ಇದನ್ನು ಮತ್ತೆ ನೋಡಬೇಕು.

ಇನ್ನೊಬ್ಬ ಸದಸ್ಯೆ, ಶಿರಸಿ

ನಮ್ಮಲ್ಲೂ ಆಫ್ ಇದೆ, ಸೆಲ್ ಹೊಸದು. ಆದರೂ ಕರೆಂಟ್ ಹೋಗಿ ಇನ್ವರ್ಟರ್‌ಗೆ ಹಾರುವಾಗ ಕಂಪ್ಯೂಟರ್ ಆರಿ ಕೂಡಲೇ ಹತ್ತಿಕೊಳ್ಳುತ್ತದೆ. ಇದೇಕೆ?

ಉತ್ತರ: ಯುಪಿಎಸ್ ಮತ್ತು ಇನ್ವರ್ಟರ್ ಮೆಕ್ಯಾನಿಕ್

ಮೇಡಂ, ನಿಮ್ಮದು ಬೇರೆಯೇ ಸಂಗತಿ, ಬಯೋಸ್‌ನಿಂದ ಸರಿಹೋಗುವುದಿಲ್ಲ. ಕರೆಂಟ್ ಹೋದರೂ ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಪವರ್ ಸಪ್ಲೈ ಪೆಟ್ಟಿಗೆ) ಒಳಗಿನ ಕೆಪಾಸಿಟರ್ ಬೋರ್ಡನ್ನು ನಡೆಸುವುದು ಪೂರ್ತಿ ಲೋಡ್‌ನಲ್ಲಿ ಸುಮಾರು 16 ಮಿಲಿಸೆಕೆಂಡ್, ಅಂದರೆ ನಮ್ಮ 50 ಹರ್ಟ್ಸ್ ಕರೆಂಟ್‌ನ ಒಂದು ಸುತ್ತಿಗೂ ಕಡಿಮೆ. ಲೋಡ್ ಕಡಿಮೆಯಿದ್ದರೆ ಇನ್ನೂ ಸ್ವಲ್ಪ ತಡೆಯುತ್ತದೆ. ಮನೆ ಇನ್ವರ್ಟರ್‌ಗಳು ಯುಪಿಎಸ್ ಮೋಡ್‌ನಲ್ಲಿ ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬದಲಾಗುತ್ತವೆ. ಇನ್ವರ್ಟರ್ ಅಥವಾ ಇಕೊ ಮೋಡ್‌ನಲ್ಲಿ 40ರವರೆಗೂ ಹೋಗಬಹುದು. ಆ ಸಂದಿಯಲ್ಲಿ ಬೋರ್ಡ್ ರೀಸೆಟ್ ಆಗುತ್ತದೆ. ಆದರೆ 5 ವೋಲ್ಟ್ ಸ್ಟ್ಯಾಂಡ್‌ಬೈ, ಅಂದರೆ ಸೆಟ್ ಆಫ್ ಇದ್ದಾಗಲೂ ಬೋರ್ಡ್‌ಗೆ ಸಿಗುವ ಸಣ್ಣ ಕರೆಂಟ್, ಅಷ್ಟರಲ್ಲಿ ಬೀಳುವುದಿಲ್ಲ. ಕೇಬಲ್ ಕಿತ್ತ ಮೇಲೂ ಬೋರ್ಡ್ ಮೇಲಿನ ದೀಪ ಕೆಲವು ಸೆಕೆಂಡ್ ಉರಿಯುವುದು ನೋಡಿರುತ್ತೀರಿ, ಅದೇ ಇದು. ಸ್ಟ್ಯಾಂಡ್‌ಬೈ ಇರುವುದರಿಂದ ಬೋರ್ಡ್‌ಗೆ ಕರೆಂಟ್ ಹೋಯಿತೆಂದೇ ಅನಿಸುವುದಿಲ್ಲ, ಎಸಿ ಲಾಸ್ ಸೆಟ್ಟಿಂಗ್ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಇನ್ವರ್ಟರ್ ಹಿಂಬದಿಯ ಸ್ವಿಚ್ ಯುಪಿಎಸ್ ಕಡೆ ಇದೆಯೇ ನೋಡಿ. ಆ ಮೋಡ್‌ನಲ್ಲಿ ವೋಲ್ಟೇಜ್ 180ರ ಕೆಳಗೆ ಹೋದರೇ ಬ್ಯಾಟರಿಗೆ ಹಾರುತ್ತದೆ. ನಿಮ್ಮ ಕಡೆ ಸಂಜೆ ವೋಲ್ಟೇಜ್ ಕುಸಿಯುವುದಾದರೆ ಬ್ಯಾಟರಿ ಬೇಗ ಖಾಲಿ. ಆಗ ಇನ್ವರ್ಟರ್ ಇಕೊದಲ್ಲೇ ಇರಲಿ, ಕಂಪ್ಯೂಟರ್‌ಗೆ ಮಾತ್ರ 600 ವಿಎ ಯುಪಿಎಸ್ ಬೇರೆ ಹಾಕಿ. ಲೇಸರ್ ಪ್ರಿಂಟರ್, ಜೆರಾಕ್ಸ್ ಮೆಷಿನ್ ಅದಕ್ಕೆ ಸೇರಿಸಲೇಬೇಡಿ. ಅವುಗಳಲ್ಲಿ ಪುಡಿಯನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಲೋಡ್‌ಗೆ ಯುಪಿಎಸ್ ಟ್ರಿಪ್ ಆಗುತ್ತದೆ.

ಕಾರಣ ಕರೆಂಟೋ ನೀಲಿ ಪರದೆಯೋ ಎಂದು ತಿಳಿಯಲು ವಿಂಡೋಸ್‌ನ ಇವೆಂಟ್ ವ್ಯೂವರ್‌ನ (ನಡೆದದ್ದನ್ನು ದಾಖಲಿಸುವ ಪಟ್ಟಿ) ಸಿಸ್ಟಮ್ ವಿಭಾಗದಲ್ಲಿ ಕರ್ನಲ್ ಪವರ್ 41 ಹುಡುಕಿ. ಅದರ ವಿವರದಲ್ಲಿ ಬಗ್‌ಚೆಕ್‌ಕೋಡ್ 0 ಇದ್ದರೆ ಹೆಚ್ಚಾಗಿ ಕರೆಂಟ್. ಬೇರೆ ಸಂಖ್ಯೆ ಇದ್ದರೆ ವಿಂಡೋಸ್ ಕುಸಿದಿದೆ, ಯುಪಿಎಸ್ ಕೊಂಡು ಪ್ರಯೋಜನವಿಲ್ಲ.

ಉತ್ತರ: ಹಾರ್ಡ್‌ವೇರ್ ಸರ್ವಿಸ್

ಇನ್ನೊಂದು ಸೇರಿಸುತ್ತೇನೆ. ಇಷ್ಟೆಲ್ಲ ಮಾಡಿಯೂ ತಾನಾಗಿ ಆನ್ ಆಗುತ್ತಿದ್ದರೆ ಮುಂದಿನ ಪವರ್ ಬಟನ್ ಮೇಲೆ ಅನುಮಾನ ಪಡಿ. ಮಲೆನಾಡಿನ ತೇವಕ್ಕೆ ಧೂಳು ಅಂಟಿ ಬಟನ್ ಒಳಗೇ ಕೂರುತ್ತದೆ. ಬೋರ್ಡ್‌ನಿಂದ ಆ ಎರಡು ಪಿನ್ ವೈರ್ ಎಳೆದಿಟ್ಟು ಕರೆಂಟ್ ಕೊಡಿ. ಆಗ ಆನ್ ಆಗದಿದ್ದರೆ ತಪ್ಪು ಬಟನ್‌ನದೇ. ಬಟನ್ ಸರಿ ಇದ್ದರೆ ಬಯೋಸ್‌ನಲ್ಲಿ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್‌ನಿಂದ ಆನ್ ಆಗುವುದು), ಆರ್‌ಟಿಸಿ ಅಲಾರಂ (ಗೊತ್ತುಮಾಡಿದ ಸಮಯಕ್ಕೆ ಆನ್ ಆಗುವುದು), ಕೀಬೋರ್ಡ್‌ನಿಂದ ಪವರ್ ಆನ್ ಈ ಮೂರನ್ನೂ ಡಿಸೇಬಲ್ ಮಾಡಿ. ಸಿಸಿಟಿವಿ ರೆಕಾರ್ಡಿಂಗ್ ನಡೆಸುವ ಕಂಪ್ಯೂಟರ್ ಇದ್ದರೆ ಮಾತ್ರ ಎಸಿ ಬ್ಯಾಕ್ ಆನ್‌ನಲ್ಲೇ ಇರಲಿ, ಅದು ಯಾರೂ ಇಲ್ಲದಾಗಲೂ ಏಳಬೇಕು.