ಔಟ್‌ಬೋರ್ಡ್ ಬೋಟ್ ರೇಸ್‌ಗೆ ಮಗಳನ್ನು ಬಿಡಬಹುದಾ? ರೂಲ್ಸ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ವಿಸ್ಕಾನ್ಸಿನ್‌ನಿಂದ ಒಬ್ಬ ತಾಯಿ):

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ತುಮಕೂರಿನವರು, ಈಗ ವಿಸ್ಕಾನ್ಸಿನ್‌ನಲ್ಲಿದ್ದೇವೆ. ಪಕ್ಕದ ಮನೆ ಹುಡುಗ ಹಿಂಭಾಗದಲ್ಲಿ ಹೊರಗೆ ಎಂಜಿನ್ ತಗಲಿಸಿದ ಸಣ್ಣ ಔಟ್‌ಬೋರ್ಡ್ ಬೋಟ್ ರೇಸ್ ಮಾಡುತ್ತಾನೆ. ನನ್ನ ಮಗಳಿಗೆ ಹನ್ನೊಂದು ವರ್ಷ. ಒಂದು ಸಲ ಹೋಗಿ ನೋಡಿ ಬಂದಳು, ಅವತ್ತಿನಿಂದ ಊಟಕ್ಕೆ ಕೂತರೂ ಅದೇ ಮಾತು. ಸರಿ ಅಂತ ನಾನೂ ವಿಡಿಯೊ ನೋಡಿದೆ. ಮಕ್ಕಳು ಬೋಟಿನಲ್ಲಿ ಮಂಡಿಯೂರಿ ಕೂತಿರುತ್ತಾರೆ, ಸೀಟ್ ಬೆಲ್ಟೂ ಇಲ್ಲ! ಇದಕ್ಕೆ ಹೇಳೋರು ಕೇಳೋರು ಯಾರಾದರೂ ಇದ್ದಾರಾ? ಈ ಗುಂಪಿನಲ್ಲಿ ರೇಸ್ ಇನ್‌ಸ್ಪೆಕ್ಟರ್ ಒಬ್ಬರು ಇದ್ದಾರಂತೆ. ಸರ್, ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ಸಮಾಧಾನದ ಮಾತು ಬೇಡ.

ಉತ್ತರ (ಇನ್‌ಸ್ಪೆಕ್ಟರ್):

ಮೇಡಂ, ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ವಾರದ ದಿನಗಳಲ್ಲಿ ಎಂಜಿನ್ ಪಾರ್ಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಬೇಸಿಗೆಯ ಶನಿವಾರ, ಭಾನುವಾರ ಕೆರೆ ದಂಡೆಯಲ್ಲಿ ಬೋಟ್ ತಪಾಸಣೆ. ಹನ್ನೆರಡು ವರ್ಷ ಆಯಿತು. ಇದಕ್ಕೆ ಸಂಬಳ ಇಲ್ಲ, ಮಧ್ಯಾಹ್ನ ಒಂದು ಹಾಟ್ ಡಾಗ್ ಕೊಡುತ್ತಾರೆ. ನಾನು ಸಸ್ಯಾಹಾರಿ, ಹಾಗಾಗಿ ನನಗೆ ಬರೀ ಬನ್ನು.

ಹೇಳೋರು ಕೇಳೋರು ಇದ್ದಾರೆ. ಇಲ್ಲಿ ಎ.ಪಿ.ಬಿ.ಎ., ಅಂದರೆ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್. 1903ರಷ್ಟು ಹಳೆಯದು. ಜಗತ್ತಿನ ಮಟ್ಟದಲ್ಲಿ ಯು.ಐ.ಎಂ. ಅಂತ ಇದೆ, 1922ರದ್ದು. ಊರಿನ ಕ್ಲಬ್ ತನಗೆ ತೋಚಿದ ಭಾನುವಾರ ಬೋಟ್ ಇಳಿಸುವ ಹಾಗಿಲ್ಲ. ಎ.ಪಿ.ಬಿ.ಎ. ಹತ್ತಿರ ಸ್ಯಾಂಕ್ಷನ್, ಅಂದರೆ ರೇಸ್ ನಡೆಸುವ ಒಪ್ಪಿಗೆ, ತಗೋಬೇಕು, ಇನ್ಶೂರೆನ್ಸ್ ಇರಬೇಕು. ಕೋಸ್ಟ್ ಗಾರ್ಡ್ ವ್ಯಾಪ್ತಿಯ ನೀರಾದರೆ ಅವರ ಪರ್ಮಿಟ್ ಬೇರೆ. ಹೊಸ ರೇಸ್ ಆದರೆ 135 ದಿನ ಮುಂಚೆ ಅರ್ಜಿ ಹಾಕಬೇಕು. ಅಂದರೆ ಜುಲೈ ರೇಸ್‌ಗೆ ಹಿಮ ಇನ್ನೂ ಕರಗದಿರುವಾಗಲೇ ಕಾಗದ ಓಡಾಡುತ್ತಿರುತ್ತದೆ.

ನಿಮ್ಮ ಮಗಳ ವಯಸ್ಸಿನವರಿಗೆ ಜೆ ಕ್ಲಾಸ್, ಜೂನಿಯರ್. 9 ವರ್ಷ ತುಂಬಿದರೆ ಬರಬಹುದು. ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿ ಸಣ್ಣ ತೂತಿನ ತಟ್ಟೆ ಕೂರಿಸಿ ಶಕ್ತಿ ಕಡಿಮೆ ಮಾಡಿರುತ್ತಾರೆ. ಆದರೂ ಗಂಟೆಗೆ 40 ಮೈಲಿ ಆಸುಪಾಸು ಹೋಗುತ್ತದೆ. ನೀರಿಗೆ ಒಂದು ಗೇಣು ಮೇಲೆ ಮಂಡಿಯೂರಿದ ಮಗುವಿಗೆ ಅದು ಕಡಿಮೆ ವೇಗ ಅಲ್ಲ. ಸುಳ್ಳು ಹೇಳುವುದಿಲ್ಲ.

ಇನ್ನು ಬೆಲ್ಟ್ ವಿಷಯ. ಈ ಬೋಟುಗಳ ಮೈ ಅಗಲ, ತೂಕ ಕಡಿಮೆ. ಎದುರು ಗಾಳಿ ಅಡಿಗೆ ಹೊಕ್ಕರೆ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಬೆಲ್ಟ್ ಹಾಕಿದ್ದರೆ ಮಗು ಬೋಟಿನ ಅಡಿಯಲ್ಲಿ, ತಲೆಕೆಳಗಾಗಿ, ನೀರೊಳಗೆ. ಬೆಲ್ಟ್ ಇಲ್ಲದಿದ್ದರೆ ಎಸೆದುಹೋಗಿ ದೂರ ಬೀಳುತ್ತದೆ, ಲೈಫ್ ಜಾಕೆಟ್ ತೇಲಿಸುತ್ತದೆ. ಬಿದ್ದ ಮೇಲೆ ಏನು ಅನ್ನುವುದೇ ದೊಡ್ಡ ಪ್ರಶ್ನೆ, ಯಾಕೆಂದರೆ ಹಿಂದೆ ಇನ್ನೂ ಏಳೆಂಟು ಬೋಟು ಬರುತ್ತಿರುತ್ತವೆ. ನಮ್ಮ ರೂಲ್ ಬುಕ್ ಓದಿದರೆ ನಿಮಗೇ ಗೊತ್ತಾಗುತ್ತದೆ, ಹೆಚ್ಚಿನ ರೂಲ್ಸು ಓಡಿಸುವವನಿಗಿಂತ ನೀರಲ್ಲಿ ಬಿದ್ದವನನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮುಖ ಮುಚ್ಚುವ ಹೆಲ್ಮೆಟ್. ಕತ್ತಿನ ತನಕ ಕಾಲರ್ ಬರುವ ಜಾಕೆಟ್. ಪ್ರೊಪೆಲ್ಲರ್ ಅಲಗು ತಾಗಿದರೂ ಸುಲಭಕ್ಕೆ ಹರಿಯದ ಕೆವ್ಲಾರ್ ತರದ ಬಟ್ಟೆಯ ತೋಳು ಮತ್ತು ಪ್ಯಾಂಟು.

ಆಮೇಲೆ ಥ್ರಾಟಲ್, ಅಂದರೆ ವೇಗ ಏರಿಸಿ ಇಳಿಸುವ ಹಿಡಿ. ಅದು ಕೈಯಲ್ಲಿ ಅದುಮಿ ಹಿಡಿಯುವಂಥದ್ದು, ಬಿಟ್ಟರೆ ಸ್ಪ್ರಿಂಗ್ ಎಳೆದು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಕಿಲ್ ಸ್ವಿಚ್. ಸುರುಳಿ ಸುರುಳಿ ದಾರ, ಲ್ಯಾನ್ಯಾರ್ಡ್ ಅಂತಾರೆ, ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವರ ಮೈಗೆ. ಬಿದ್ದರೆ ಕಿತ್ತು ಬರುತ್ತದೆ, ಎಂಜಿನ್ ಆಫ್. ಇಲ್ಲದಿದ್ದರೆ ಪ್ರೊಪೆಲ್ಲರ್ ತಿರುಗುವ ಒತ್ತಡಕ್ಕೆ ಸ್ಟೀರಿಂಗ್ ಒಂದೇ ಕಡೆ ಎಳೆದುಕೊಂಡು, ಆಳಿಲ್ಲದ ಬೋಟು ಗಾಣದೆತ್ತಿನ ಹಾಗೆ ಅಲ್ಲೇ ಸುತ್ತುತ್ತದೆ. ಸುತ್ತುವುದು ಯಾರ ಸುತ್ತ? ಬಿದ್ದವನ ಸುತ್ತ. ಇಲ್ಲಿ ಮಾಮೂಲಿ ಸಣ್ಣ ಮೋಟರ್ ಬೋಟುಗಳಿಗೆ ಇದನ್ನು ಹಾಕಿಕೊಳ್ಳಲೇಬೇಕು ಅನ್ನುವ ಫೆಡರಲ್ ಕಾನೂನು ಬಂದದ್ದು 2021ರ ಏಪ್ರಿಲ್ 1ಕ್ಕೆ. ರೇಸಿನವರು ಅದಕ್ಕಿಂತ ಎಷ್ಟೋ ಮೊದಲೇ ಕಲಿತಿದ್ದರು, ಪೆಟ್ಟು ತಿಂದು.

ಒಂದು ಘಟನೆ ಹೇಳುತ್ತೇನೆ. ಬೆಳಿಗ್ಗೆ ನಾನೇ ತಪಾಸಣೆ ಮಾಡಿ ಸ್ಟಿಕ್ಕರ್ ಅಂಟಿಸಿದ ಬೋಟು. ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಲ್ಯಾನ್ಯಾರ್ಡ್ ಪದೇ ಪದೇ ಕಿತ್ತು ಬರುತ್ತದೆ ಅಂತ ಬೇಜಾರಾಗಿ, ಆಮೇಲೆ ಅದರ ಕೊಂಡಿಯನ್ನು ಮೈಗೆ ಹಾಕದೆ ಸ್ಟೀರಿಂಗ್‌ಗೇ ಸಿಕ್ಕಿಸಿದ್ದ. ತಿರುವಿನಲ್ಲಿ ಆಚೆ ಬಿದ್ದ. ಥ್ರಾಟಲ್ ಕೇಬಲ್ ಒಳಗೆ ಮರಳು ಸೇರಿ ಅರ್ಧದಲ್ಲಿ ನಿಂತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಎರಡು ಇಟ್ಟಿರುವುದು, ಅವತ್ತು ಎರಡೂ ಕೈಕೊಟ್ಟವು. ಬೋಟು ಸುತ್ತಿ ಬಂದು ಅವನ ಎಡ ತೋಳು ಸವರಿಕೊಂಡು ಹೋಯಿತು. ತೋಳಿನ ಬಟ್ಟೆಯ ಮೇಲಿನ ಪದರ ಹರಿದು ಒಳಗಿನ ಹಳದಿ ನೂಲು ಆಚೆ ಬಂದಿತ್ತು. ತೋಳಿನ ಮೇಲೆ ಒಂದು ನೀಲಿ ಬರೆ, ಅಷ್ಟೇ. ಆ ಬಟ್ಟೆಯ ತುಂಡು ನನ್ನ ಟೂಲ್ ಬಾಕ್ಸ್‌ನಲ್ಲಿದೆ. ಅವತ್ತಿನಿಂದ ನಮ್ಮ ಕ್ಲಬ್‌ನಲ್ಲಿ ಬೆಳಿಗ್ಗೆಯ ತಪಾಸಣೆ ಒಂದೇ ಸಾಲದು. ಪ್ರತಿ ಹೀಟ್‌ಗೂ, ಅಂದರೆ ರೇಸಿನ ಪ್ರತಿ ಓಟಕ್ಕೂ ಮುಂಚೆ, ಬೋಟು ನೀರಿಗಿಳಿಯುವ ಜಾಗದಲ್ಲಿ ಒಬ್ಬರು ಮೊಣಕಾಲು ಮಟ್ಟದ ನೀರಲ್ಲಿ ನಿಂತು ಲ್ಯಾನ್ಯಾರ್ಡ್ ಕೈಯಾರೆ ಎಳೆದು ನೋಡುತ್ತಾರೆ.

ಪ್ರಶ್ನೆ (ಟೆಕ್ಸಾಸ್‌ನಿಂದ):

ಸರ್, 2018ರ ನವೆಂಬರ್‌ನಲ್ಲಿ ನಾನು ರಜಕ್ಕೆ ಊರಿಗೆ ಬಂದಿದ್ದಾಗ ವಿಜಯವಾಡ ಹತ್ತಿರ ಕೃಷ್ಣಾ ನದಿಯಲ್ಲಿ ಎಫ್-1 ಬೋಟ್ ರೇಸ್ ನೋಡಿದ್ದೆ. ಅವರಿಗೆಲ್ಲ ಮುಚ್ಚಿದ ಕಾಕ್‌ಪಿಟ್, ಬೆಲ್ಟ್ ಎಲ್ಲ ಇತ್ತಲ್ಲ. ಹಾಗಾದರೆ ಬೆಲ್ಟ್ ಒಳ್ಳೆಯದೋ ಕೆಟ್ಟದ್ದೋ?

ಉತ್ತರ:

ಎರಡೂ ಸರಿ, ಮಧ್ಯದ್ದು ತಪ್ಪು. 1980ರ ದಶಕದ ಮೊದಲ ಭಾಗದಲ್ಲಿ ಆ ಎಫ್-1 ಬೋಟುಗಳೂ (ಅಡಿಯಲ್ಲಿ ಗಾಳಿ ಹಾಯುವ ದಾರಿ ಇರುವುದರಿಂದ ಟನಲ್ ಬೋಟು ಅಂತಾರೆ) ತೆರೆದ ಕಾಕ್‌ಪಿಟ್ಟಿನವೇ. ವೇಗ ಏರುತ್ತಾ ಹೋಯಿತು, ರಕ್ಷಣೆ ಅಲ್ಲೇ ಉಳಿಯಿತು. 1984 ತುಂಬಾ ಕೆಟ್ಟ ವರ್ಷ, ಬ್ರಿಟನ್ನಿನ ಟಾಮ್ ಪರ್ಸಿವಲ್ ಬೆಲ್ಜಿಯಂನಲ್ಲಿ ಸತ್ತದ್ದು ಆಗಲೇ. ಬ್ರಿಟನ್ನಿನವರೇ ಆದ ಕ್ರಿಸ್ ಹಾಜಸ್, ಸ್ವತಃ ರೇಸ್ ಮಾಡುತ್ತಿದ್ದ ಡಿಸೈನರ್, ಗಟ್ಟಿ ಕ್ಯಾಪ್ಸೂಲ್ ಮಾಡಿ ತೋರಿಸಿದರು. ಬೋಟು ಚೂರಾದರೂ ಆ ಗೂಡು ಉಳಿಯುತ್ತದೆ. ಹಾಗೆ ಗೂಡು ಇದ್ದ ಮೇಲೆ ಬೆಲ್ಟ್ ಬೇಕೇ ಬೇಕು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ತಲೆಕೆಳಗಾದ ಗೂಡಿನಿಂದ ಆಚೆ ಬರಲು ಕಲಿಯಬೇಕು. ಈಜುಕೊಳದಲ್ಲಿ ಸೀಟಿಗೆ ಕಟ್ಟಿ ಉಲ್ಟಾ ಮಾಡುತ್ತಾರೆ, ಬೆಲ್ಟ್ ಬಿಚ್ಚಿಕೊಂಡು ಬಂದರೆ ಮಾತ್ರ ಪಾಸ್.

ಕಷ್ಟ ಇರುವುದು ಅರ್ಧಂಬರ್ಧ ಮಾಡುವವರಿಂದ. ತೆರೆದ ಬೋಟಿಗೆ ಕಾರಿನ ಬೆಲ್ಟ್ ತಂದು ಬೋಲ್ಟ್ ಮಾಡಿ "ಸೇಫ್ಟಿ ಜಾಸ್ತಿ ಮಾಡಿದ್ದೇನೆ" ಅಂತ ನನ್ನ ಮುಂದೆ ಹೆಮ್ಮೆಯಿಂದ ನಿಂತವರಿದ್ದಾರೆ. ಸ್ಪ್ಯಾನರ್ ಕೊಟ್ಟು, ಬಿಚ್ಚಿ ಅಂದೆ.

ಪ್ರಶ್ನೆ (ಬೆಂಗಳೂರಿನಿಂದ):

ಒಂದು ಅನುಮಾನ. ಈ ಆಟದಲ್ಲಿ ರೂಲ್ಸ್ ಮಾಡುವವರೂ ರೇಸ್ ಮಾಡುವವರೂ ಒಬ್ಬರೇ ಅಂತ ಕೇಳಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಗುವುದಿಲ್ಲವಾ?

ಉತ್ತರ:

ಆಗುತ್ತದೆ, ಯಾಕಾಗುವುದಿಲ್ಲ! ಇದು ಹವ್ಯಾಸಿಗಳ ಆಟ. ಎ.ಪಿ.ಬಿ.ಎ.ಯಲ್ಲಿ "ಪ್ರೊಫೆಷನಲ್ ರೇಸಿಂಗ್ ಔಟ್‌ಬೋರ್ಡ್" ಅಂತ ಹೆಸರಿರುವ ವಿಭಾಗದವರೂ ಕೈಯಿಂದ ದುಡ್ಡು ಹಾಕಿಕೊಂಡೇ ಬರುವವರು, ಹೆಸರು ಮಾತ್ರ ದೊಡ್ಡದು. ಸದಸ್ಯರೇ ತಿದ್ದುಪಡಿ ತರುತ್ತಾರೆ, ಪ್ರತಿ ವಿಭಾಗಕ್ಕೂ ಅದರದೇ ಸಮಿತಿ, ಚರ್ಚೆ, ವೋಟು. ಹೊಸ ಸೇಫ್ಟಿ ರೂಲ್ ಬಂತು ಅಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಇದಕ್ಕೆ ಎಷ್ಟು ಖರ್ಚು? ನಾನು ಅದನ್ನು ತಪ್ಪು ಅನ್ನುವುದಿಲ್ಲ. ಖರ್ಚು ಜಾಸ್ತಿ ಆದರೆ ಜನ ಬಿಟ್ಟು ಹೋಗುತ್ತಾರೆ, ಹೋದವರು ರೂಲ್ಸೇ ಇಲ್ಲದ ಕಡೆ ಹೋಗಿ ಓಡಿಸುತ್ತಾರೆ. ಆದರೆ ಕಾರ್ಬ್ಯುರೇಟರ್ ತೂತು ಎಷ್ಟು ಅಗಲ ಅಂತ ಎರಡು ಗಂಟೆ ಜಗಳ ಆಡಿ, ಆಂಬ್ಯುಲೆನ್ಸ್ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಐದು ನಿಮಿಷದಲ್ಲಿ ಮುಗಿಸುವ ಮೀಟಿಂಗುಗಳಲ್ಲಿ ಕೂತು ನನಗೆ ತಲೆ ಕೆಟ್ಟಿದೆ.

ಬೇಲಿಗೂ ಒಂದು ಬೇಲಿ ಹಾಕಬಹುದು. ನಮ್ಮಲ್ಲಿ ತಾನು ಓಡುವ ಕ್ಲಾಸಿಗೆ ತಾನೇ ಇನ್‌ಸ್ಪೆಕ್ಟರ್ ಆಗುವ ಹಾಗಿಲ್ಲ. ನೀರಿನ ಮೇಲಿನ ವಿಷಯಕ್ಕೆ ರೆಫರಿ ಮಾತೇ ಕೊನೆ, ರೇಸ್ ನಿಲ್ಲಿಸಲು ಅವರು ಕ್ಲಬ್ ಅಧ್ಯಕ್ಷರನ್ನೂ ಕೇಳಬೇಕಿಲ್ಲ. ರೇಸ್ ಮುಗಿದ ಮೇಲೆ ಬೋಟು ಮತ್ತು ಓಡಿಸಿದವರನ್ನು ಸೇರಿಸಿ ತೂಗುತ್ತೇವೆ, ಪ್ರತಿ ಕ್ಲಾಸಿಗೂ ಇಷ್ಟು ಕನಿಷ್ಠ ತೂಕ ಅಂತ ಇದೆ. ಸಣಕಲು ಮಕ್ಕಳು ಸೀಸದ ತೂಕ ಸೇರಿಸಿಕೊಳ್ಳಬಹುದು. ಆದರೆ ಅದನ್ನು ಬೋಟಿಗೆ ಬಿಗಿಯಾಗಿ ಕೂರಿಸಿರಬೇಕು, ಮಗುಚಿದಾಗ ಹಾರಿ ಬಂದು ತಲೆಗೆ ಬಡಿಯಬಾರದು ನೋಡಿ.

ಜಪಾನಿನವರು ಎಂಜಿನ್ ತಿದ್ದಿ ಮೋಸ ಮಾಡುವ ತಂಟೆಯನ್ನು ಬೇರೆ ತರ ಬಗೆಹರಿಸಿದ್ದಾರೆ. ಅಲ್ಲಿ ಬೋಟ್ ರೇಸ್ ಮೇಲೆ ಕಾನೂನುಬದ್ಧವಾಗಿ ಬಾಜಿ ಕಟ್ಟುತ್ತಾರೆ, 1952ರಿಂದ ನಡೆಯುತ್ತಿದೆ. ಎಂಜಿನ್ ರೇಸರ್‌ನದಲ್ಲ, ರೇಸ್ ನಡೆಯುವ ಜಾಗದವರದ್ದು, ಲಾಟರಿ ಎತ್ತಿ ಹಂಚುತ್ತಾರೆ. ಅಲ್ಲಿನ ಯಮಾಟೊ ಎಂಜಿನ್ನುಗಳು ಇಲ್ಲಿನ ಕೆಲವು ಕ್ಲಾಸುಗಳಲ್ಲೂ ಓಡುತ್ತವೆ, ಗಟ್ಟಿ ಮಾಲು. ಸ್ಟಾರ್ಟ್ ಕೂಡ ಎರಡೂ ಕಡೆ ಗಡಿಯಾರ ನೋಡಿಕೊಂಡೇ. ಬೋಟುಗಳು ಓಡುತ್ತಲೇ ಬಂದು, ಮುಳ್ಳು ಸೊನ್ನೆಗೆ ಬಂದ ಮೇಲೆ ಗೆರೆ ದಾಟಬೇಕು. ಮೊದಲೇ ದಾಟಿದರೆ ಔಟ್. ಅಲ್ಲಿ ಒಂದು ಸೆಕೆಂಡಿಗಿಂತ ತಡವಾದರೂ ಔಟ್.

ಸ್ಟಾರ್ಟ್ ಬಗ್ಗೆ ಯಾಕೆ ಹೇಳಿದೆ ಅಂದರೆ, ಎಲ್ಲ ಬೋಟೂ ಒಟ್ಟಿಗೆ ಮೊದಲ ತಿರುವಿಗೆ ನುಗ್ಗುವ ಆ ಕೆಲವು ಸೆಕೆಂಡೇ ನಮಗೆ ಉಸಿರು ಬಿಗಿಹಿಡಿಯುವ ಹೊತ್ತು. ಮುಂದಿನ ಬೋಟು ಎರಚುವ ನೀರಿನ ಗೋಡೆಯಲ್ಲಿ ಹಿಂದಿನವನಿಗೆ ಏನೂ ಕಾಣುವುದಿಲ್ಲ. ಅದಕ್ಕೇ ತಿರುವಿನ ತನಕ ತನ್ನ ಲೇನ್ ಬಿಡಬಾರದು, ಹಿಂದಿಕ್ಕುವವನದ್ದೇ ಜವಾಬ್ದಾರಿ ಅನ್ನುವ ರೂಲ್ಸು. ಯಾರೇ ಬಿದ್ದರೂ ಕೆಂಪು ಬಾವುಟ, ರೇಸ್ ನಿಂತಿತು. ಬಿದ್ದವರು ಕೈ ಎತ್ತಿದರೆ ಸರಿ ಇದ್ದಾರೆ ಅಂತ ಅರ್ಥ. ಎತ್ತದಿದ್ದರೆ ದಂಡೆಯಲ್ಲಿ ಯಾರೂ ಮಾತಾಡುವುದಿಲ್ಲ.

ಪ್ರಶ್ನೆ (ಗಂಗೊಳ್ಳಿಯಿಂದ):

ಅಣ್ಣ, ನಮ್ಮದು ನಾಡದೋಣಿ, ಔಟ್‌ಬೋರ್ಡ್ ಎಂಜಿನ್ ಹಾಕಿ ಮೀನಿಗೆ ಹೋಗುವವರು. ಊರಿನ ಹುಡುಗರು ಸೇರಿ ಹೊಳೆಯಲ್ಲಿ ಎಂಜಿನ್ ದೋಣಿ ರೇಸ್ ಮಾಡುವ ಅಂತಿದ್ದಾರೆ. ನಿಮ್ಮ ರೂಲ್ಸ್ ನಮಗೆ ಆಗುತ್ತದಾ?

ಉತ್ತರ:

ತಮ್ಮಾ, ನೀರಿನ ಮೇಲೆ ನನಗಿಂತ ನಿಮಗೇ ಜಾಸ್ತಿ ಅನುಭವ. ಆದರೆ ನೇರವಾಗಿ ಹೇಳುತ್ತೇನೆ, ಹತ್ತು ದೋಣಿ ಒಟ್ಟಿಗೆ ಬಿಡಬೇಡಿ. ನಿಮ್ಮ ದೋಣಿ ತಿರುವಿಗೆ ಮಾಡಿದ್ದಲ್ಲ, ಬಲೆ ಹೊರಲು ಮಾಡಿದ್ದು. ತೂಕ ಬೇರೆ, ಡಿಕ್ಕಿ ಆದರೆ ನಿಲ್ಲುವುದಿಲ್ಲ. ಒಂದೊಂದೇ ದೋಣಿ ಬಿಡಿ, ನೇರ ಗೆರೆ, ಸ್ಟಾಪ್‌ವಾಚ್ ಹಿಡಿದು ಟೈಮ್ ನೋಡಿ. ಕಡಿಮೆ ಟೈಮಿನವನಿಗೆ ಬಹುಮಾನ. ಗಲಾಟೆ, ಸಿಳ್ಳೆ ಎಲ್ಲ ಅಷ್ಟೇ ಇರುತ್ತದೆ. ಹೊಳೆಯಲ್ಲಿ ಬಿದ್ದವನ ಹಿಂದೆ ಇನ್ನೊಂದು ಪ್ರೊಪೆಲ್ಲರ್ ಮಾತ್ರ ಬರುತ್ತಿರುವುದಿಲ್ಲ.

ಮೊದಲು ತಾಲ್ಲೂಕು ಆಫೀಸು, ಪೊಲೀಸು, ಬಂದರು ಇಲಾಖೆ ಮೂರೂ ಕಡೆ ಬರೆದುಕೊಟ್ಟು ಅನುಮತಿ ತಗೊಳ್ಳಿ. ಲೈಫ್ ಜಾಕೆಟ್ ಇಲ್ಲದವನನ್ನು ದೋಣಿ ಹತ್ತಿಸಬೇಡಿ, ಎಷ್ಟೇ ಚೆನ್ನಾಗಿ ಈಜುವವನಾದರೂ. ತಲೆಗೆ ಪೆಟ್ಟು ಬಿದ್ದವನಿಗೆ ಈಜು ಬರುವುದಿಲ್ಲ. ಕಿಲ್ ಸ್ವಿಚ್ಚಿನ ದಾರ ನಿಮ್ಮ ಎಂಜಿನ್ನಿಗೂ ಬಂದಿರುತ್ತದೆ, ಎಲ್ಲೋ ಮನೆ ಮೊಳೆಗೆ ನೇತಾಡುತ್ತಿರಬಹುದು, ಹುಡುಕಿ. ಕುಡಿದವನಿಗೆ ಚುಕ್ಕಾಣಿ ಇಲ್ಲ, ಅವನು ಬಹುಮಾನ ಕೊಟ್ಟ ಧಣಿಯೇ ಆಗಿರಲಿ. ಈ ಕೊನೆಯದನ್ನು ಜಾರಿ ಮಾಡಲು ಊರಿಗೆ ಹೆದರದ ಒಬ್ಬ ಹಿರಿಯರು ಬೇಕು, ಅವರನ್ನು ಮೊದಲೇ ಒಪ್ಪಿಸಿ ಇಡಿ.

ಗಂಗೊಳ್ಳಿಯಿಂದ:

ಆಯ್ತು ಅಣ್ಣ. ಹಿರಿಯರು ಇದ್ದಾರೆ, ನಮ್ಮ ದೊಡ್ಡಪ್ಪ. ಅವರಿಗೆ ಯಾರ ಹೆದರಿಕೆಯೂ ಇಲ್ಲ, ಅದೇ ಸಮಸ್ಯೆ.

ವಿಸ್ಕಾನ್ಸಿನ್‌ನ ತಾಯಿ (ಎರಡು ವಾರದ ನಂತರ):

ಸರ್, ಶನಿವಾರ ಹೋಗಿ ನೋಡಿ ಬಂದೆವು. ಹತ್ತು ಗಂಟೆಗೆ ಶುರು ಅಂದಿದ್ದರು. ಆಂಬ್ಯುಲೆನ್ಸ್ ಬಂದಿರಲಿಲ್ಲ. ಬೋಟುಗಳೆಲ್ಲ ದಂಡೆಯಲ್ಲಿ ರೆಡಿ, ಬಾವುಟ ಹಿಡಿದವರೂ ರೆಡಿ, ರೆಫರಿ ಅಮ್ಮ ಮಾತ್ರ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ನಲವತ್ತು ನಿಮಿಷ. ಒಬ್ಬರೂ ಗೊಣಗಲಿಲ್ಲ, ನನ್ನ ಮಗಳೊಬ್ಬಳನ್ನು ಬಿಟ್ಟು. ನಾನು ಚಿತ್ರಾನ್ನದ ಡಬ್ಬಿ ತೆಗೆದೆ.

ಉತ್ತರ:

ಮೇಡಂ, ಆ ಕ್ಲಬ್ಬಿಗೇ ಸೇರಿಸಿ. ಫಾರ್ಮಿನಲ್ಲಿ ನೀವಿಬ್ಬರೂ, ಅಂದರೆ ಅಪ್ಪ ಅಮ್ಮ ಇಬ್ಬರೂ, ಸಹಿ ಮಾಡಿ. ಜಾಕೆಟ್ ಮಾತ್ರ "ಬೆಳೆಯುವ ಮಗು" ಅಂತ ಒಂದು ಸೈಜ್ ದೊಡ್ಡದು ತರಬೇಡಿ, ನಮ್ಮವರು ಎಲ್ಲರೂ ಅದನ್ನೇ ಮಾಡುವುದು. ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿ ದಾಟಿ ಬಂದರೆ ಅಂಗಡಿಗೆ ವಾಪಸ್. ಮುಂದಿನ ಸಲ ಚಿತ್ರಾನ್ನ ಸ್ವಲ್ಪ ಜಾಸ್ತಿ ತನ್ನಿ, ಆಗಸ್ಟ್‌ನಲ್ಲಿ ಆ ಕೆರೆಗೆ ತಪಾಸಣೆಗೆ ಬರುವುದು ನಾನೇ.